ಚಂದಾ ಕೊಟ್ಟವರಿಗೆ ಲೆಕ್ಕ: ಭೇರ್ಯ ಸೀಮೆಯ ಸಂಘ, ಟ್ರಸ್ಟ್, ಸಮಿತಿಗಳ ಸದಸ್ಯರಿಗೆ ಬಹಿರಂಗ ಪತ್ರ

ಭೇರ್ಯ, ಸಾಲಿಗ್ರಾಮ, ಕೆ.ಆರ್. ನಗರ, ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಸೀಮೆಯ ಸಂಘ, ಟ್ರಸ್ಟ್, ದೇವಸ್ಥಾನ ಸಮಿತಿ, ಹಾಲಿನ ಡೇರಿಗಳ ಸದಸ್ಯರಿಗೆ ಮತ್ತು ಅವುಗಳಿಗೆ ಹಣ ಕೊಟ್ಟ ಎಲ್ಲರಿಗೆ,



ದಾನ, ಚಂದಾ, ವಂತಿಕೆಯ ಹಣದಲ್ಲಿ ನಡೆಯುವ ಸಂಸ್ಥೆಯ ಲೆಕ್ಕವನ್ನು ಯಾರು ನೋಡಬಹುದು ಎಂಬುದು ಆ ಸಂಸ್ಥೆ ಯಾವ ಕಾನೂನಿನಡಿ ಹುಟ್ಟಿದೆ ಎಂಬುದರ ಮೇಲೆ ನಿಂತಿದೆ. ಬಾಗಿಲ ಮೇಲಿನ ಬೋರ್ಡಿನಿಂದ ಇದು ತಿಳಿಯುವುದಿಲ್ಲ. ‘ಸೇವಾ ಸಮಿತಿ’ ಎಂದು ಬರೆಸಿಕೊಂಡದ್ದು ಟ್ರಸ್ಟ್ ಆಗಿರಬಹುದು, ‘ಪ್ರತಿಷ್ಠಾನ’ ಎಂಬುದು ಸಂಘವಾಗಿರಬಹುದು, ‘ಅಭಿವೃದ್ಧಿ ಸಮಿತಿ’ಗೆ ನೋಂದಣಿಯೇ ಇಲ್ಲದಿರಬಹುದು. ಆದ್ದರಿಂದ ಲೆಕ್ಕ ಕೇಳುವವರು ಮೊದಲು ಕೇಳಬೇಕಾದದ್ದು ನೋಂದಣಿ ಸಂಖ್ಯೆ ಮತ್ತು ಅದು ಯಾವ ಕಾಯ್ದೆಯದು ಎಂಬುದನ್ನು. ರಸೀದಿಯ ತಲೆಯಲ್ಲೇ ಅದು ಅಚ್ಚಾಗಿದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ನೋಂದಣಿಯೇ ಇಲ್ಲದ ವ್ಯವಸ್ಥೆ ಎಲ್ಲಕ್ಕಿಂತ ಹಳೆಯದು. ಮಾರಿಹಬ್ಬಕ್ಕೋ ತೇರಿಗೋ ಮನೆಗಿಷ್ಟು ಎಂದು ವರಾಡ ಎತ್ತುವುದು, ಹಬ್ಬ ಕಳೆದ ಮೇಲೆ ಯಜಮಾನರು ರಾಮಮಂದಿರದ ಜಗಲಿಯಲ್ಲೋ ಅರಳಿಕಟ್ಟೆಯ ಮೇಲೋ ಕೂತು ಲೆಕ್ಕ ಒಪ್ಪಿಸುವುದು, ಉಳಿದ ದೇವರ ದುಡ್ಡನ್ನು ಬಡ್ಡಿಗೆ ಬಿಡುವುದು ಹಳೇ ಮೈಸೂರಿನ ಹಳ್ಳಿಗಳ ರೂಢಿ. ತಮಟೆಗೆ ಎಷ್ಟು, ಹೂವಿಗೆ ಎಷ್ಟು, ಶಾಮಿಯಾನಕ್ಕೆ ಎಷ್ಟು ಎಂದು ಗಟ್ಟಿಯಾಗಿ ಓದುತ್ತಾರೆ. ಒಪ್ಪದವರು ಅಲ್ಲೇ ಎದ್ದು ಕೇಳುತ್ತಾರೆ. ಕಾನೂನಿನ ಕಣ್ಣಿಗೆ ಇದು ಏನೂ ಅಲ್ಲ. ಆದರೂ ಹಣ ಕೊಟ್ಟವರ ಎದುರಿಗೆ ಖರ್ಚನ್ನು ಓದಿ ಹೇಳುವ ಈ ಪದ್ಧತಿ ಅನೇಕ ನೋಂದಾಯಿತ ಸಂಸ್ಥೆಗಳ ನಡವಳಿಕೆಗಿಂತ ಮೇಲು. ಇದರ ಕೊರತೆಯೂ ಕಣ್ಣಿಗೆ ಕಾಣುವಂಥದ್ದೇ: ವೋಚರ್ ಇರುವುದಿಲ್ಲ, ಹೋದ ವರ್ಷದ ಲೆಕ್ಕ ಈ ವರ್ಷಕ್ಕೆ ಸಿಗುವುದಿಲ್ಲ, ವರಾಡ ಕೊಟ್ಟ ಮನೆಯ ಹೆಂಗಸರು ಲೆಕ್ಕದ ದಿನ ಕಟ್ಟೆಯ ಹತ್ತಿರ ಇರುವುದು ಅಪರೂಪ, ಮತ್ತು ಬಡ್ಡಿಗೆ ಹೋದ ದುಡ್ಡು ದೊಡ್ಡವರ ಮನೆಯಲ್ಲಿದ್ದರೆ ವಾಪಸ್ ಕೇಳುವ ಬಾಯಿ ಇರುವುದಿಲ್ಲ.

ನೋಂದಾಯಿತ ಸಂಘಗಳದು ಬೇರೆ ಕಥೆ. ಯುವಕ ಸಂಘ, ಮಹಿಳಾ ಸಮಾಜ, ಜಾತಿ ಸಂಘ, ಕನ್ನಡ ಸಂಘ, ಖಾಸಗಿ ಶಾಲೆ ನಡೆಸುವ ವಿದ್ಯಾಸಂಸ್ಥೆ ಇವುಗಳಲ್ಲಿ ಬಹಳಷ್ಟು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಬರುತ್ತವೆ. ಏಳು ಜನ ಸೇರಿದರೆ ಸಂಘ ನೋಂದಾಯಿಸಬಹುದು. ನೋಂದಾಯಿಸಿದ ಮೇಲೆ ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಕರೆಯಬೇಕು. ಸಭೆಯ ನಂತರ 14 ದಿನದೊಳಗೆ ಆಡಳಿತ ಮಂಡಳಿಯವರ ಪಟ್ಟಿ, ಲೆಕ್ಕಪರಿಶೋಧನೆಯಾದ ಆದಾಯ–ವೆಚ್ಚದ ಲೆಕ್ಕ, ಅಢಾವೆ ಪತ್ರಿಕೆ ಇಷ್ಟನ್ನೂ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಜಿಲ್ಲೆಯಲ್ಲಿ ಈ ಕೆಲಸ ನೋಡಿಕೊಳ್ಳುವುದು ಸಹಕಾರ ಇಲಾಖೆ. ಮೈಸೂರಿನಲ್ಲಿರುವ ಸಹಕಾರ ಸಂಘಗಳ ಉಪನಿಬಂಧಕರೇ ಸಂಘಗಳ ನೋಂದಣಾಧಿಕಾರಿಯೂ ಹೌದು. ಅಲ್ಲಿ ಸಲ್ಲಿಕೆಯಾದ ದಾಖಲೆಯನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು, ದೃಢೀಕೃತ ನಕಲು ಪಡೆಯಬಹುದು. ಸದಸ್ಯತ್ವ ಬೇಕಿಲ್ಲ, ಕಾರಣ ಹೇಳಬೇಕಿಲ್ಲ.

ಅಂದರೆ ಭೇರ್ಯದ ಯಾವುದೇ ನೋಂದಾಯಿತ ಸಂಘದ ಲೆಕ್ಕ ಕಾನೂನಿನ ಪ್ರಕಾರ ಈಗಾಗಲೇ ಬಹಿರಂಗವಾಗಿದೆ. ನಡೆಯುವುದು ಬೇರೆ. ಸಭೆ ಕರೆಯದೆ ನಡಾವಳಿ ಪುಸ್ತಕಕ್ಕೆ ಮನೆಮನೆಯಲ್ಲಿ ಸಹಿ ಹಾಕಿಸುವುದು, ಅನುದಾನದ ಅರ್ಜಿಗೆ ಬೇಕಾದಾಗ ಮೂರು ನಾಲ್ಕು ವರ್ಷದ ಲೆಕ್ಕವನ್ನು ಒಟ್ಟಿಗೆ ಬರೆಸಿ ದಂಡ ಕಟ್ಟಿ ಸಲ್ಲಿಸುವುದು ಊರೂರಿನಲ್ಲೂ ಕಾಣುವ ಚಾಳಿ. ಒಟ್ಟಿಗೆ ಬರೆದ ಲೆಕ್ಕವನ್ನು ನಂಬುವುದು ಕಷ್ಟ. ಮೂರು ವರ್ಷದ ಹಿಂದಿನ ಸುಣ್ಣಬಣ್ಣಕ್ಕೆ ಈಗ ಹುಟ್ಟಿದ ಬಿಲ್ಲಿನ ಬೆಲೆ ಎಲ್ಲರಿಗೂ ಗೊತ್ತು.

ಇದೇ ಕಾಯ್ದೆಯ 25ನೆಯ ಕಲಮು ಸದಸ್ಯರ ಕೈಯಲ್ಲಿರುವ ಗಟ್ಟಿ ಸಾಧನ. ಆಡಳಿತ ಮಂಡಳಿಯ ಬಹುಮತವಾಗಲಿ, ಸದಸ್ಯರಲ್ಲಿ ಮೂರನೇ ಒಂದು ಭಾಗವಾಗಲಿ ಬರೆದು ಕೇಳಿದರೆ ನೋಂದಣಾಧಿಕಾರಿ ಸಂಘದ ಆಡಳಿತ, ಹಣಕಾಸಿನ ವಿಚಾರಣೆ ನಡೆಸಬೇಕು, ತಾವಾಗಿಯೂ ನಡೆಸಬಹುದು. ಈ ಕಲಮು ಇತ್ತೀಚೆಗೆ ನಾಡಿನ ಎಲ್ಲರ ಕಿವಿಗೆ ಬಿದ್ದದ್ದು ಕನ್ನಡ ಸಾಹಿತ್ಯ ಪರಿಷತ್ತಿನಿಂದ. 1915ರಲ್ಲಿ ಹುಟ್ಟಿದ ಪರಿಷತ್ತು ಕಾನೂನಿನ ಲೆಕ್ಕದಲ್ಲಿ ಊರಿನ ಯುವಕ ಸಂಘದ ಜಾತಿಯದೇ, ನೋಂದಾಯಿತ ಸಂಘ. 2024ರ ಡಿಸೆಂಬರ್‌ನಲ್ಲಿ ಮಂಡ್ಯದಲ್ಲಿ ನಡೆದ 87ನೆಯ ಸಾಹಿತ್ಯ ಸಮ್ಮೇಳನದ ಲೆಕ್ಕದ ಬಗ್ಗೆ ಪ್ರಶ್ನೆಗಳೆದ್ದವು. 2025ರಲ್ಲಿ ಪರಿಷತ್ತಿನ ಹಣಕಾಸು, ಆಡಳಿತದ ಮೇಲಿನ ದೂರುಗಳಿಗೆ ಸಹಕಾರ ಇಲಾಖೆ 25ನೆಯ ಕಲಮಿನಡಿ ವಿಚಾರಣೆಗೆ ಆದೇಶಿಸಿತು. ವಿಚಾರಣೆಗೆ ಆದೇಶವಾದ ಮಾತ್ರಕ್ಕೆ ಆರೋಪ ನಿಜವಾಗುವುದಿಲ್ಲ. ಇಲ್ಲಿ ಗಮನಿಸಬೇಕಾದದ್ದು ಇಷ್ಟೇ: ನೂರು ವರ್ಷ ದಾಟಿದ, ರಾಜ್ಯಕ್ಕೆಲ್ಲ ಹರಡಿದ ಸಂಸ್ಥೆಗೆ ಅನ್ವಯಿಸುವ ಕಲಮು ಭೇರ್ಯದ ಸಂಘಕ್ಕೂ ಅಕ್ಷರಶಃ ಅನ್ವಯಿಸುತ್ತದೆ.

ಟ್ರಸ್ಟುಗಳ ವಿಷಯದಲ್ಲಿ ಕತ್ತಲೆ ಹೆಚ್ಚು. 1882ರ ಭಾರತೀಯ ನ್ಯಾಸ ಕಾಯ್ದೆ ಖಾಸಗಿ ನ್ಯಾಸಗಳಿಗೆ ಮಾಡಿದ್ದು. ಸಾರ್ವಜನಿಕ ಧರ್ಮಾರ್ಥ ಟ್ರಸ್ಟಿಗೆ ಅದು ನೇರವಾಗಿ ಅನ್ವಯಿಸುವುದಿಲ್ಲ. ಮಹಾರಾಷ್ಟ್ರದಲ್ಲಿ 1950ರಲ್ಲಿ ಬಾಂಬೆ ಸಾರ್ವಜನಿಕ ನ್ಯಾಸಗಳ ಕಾಯ್ದೆ ಎಂಬ ಹೆಸರಿನಲ್ಲಿ ಬಂದ ಕಾನೂನು ಇದೆ, ಅದರಡಿ ಚಾರಿಟಿ ಕಮಿಷನರ್ ಇದ್ದಾರೆ, ಟ್ರಸ್ಟುಗಳು ಅವರಿಗೆ ಲೆಕ್ಕ ಒಪ್ಪಿಸಬೇಕು. 1956ರ ತನಕ ಮುಂಬಯಿ ರಾಜ್ಯದಲ್ಲಿದ್ದ ಬೆಳಗಾವಿ, ಧಾರವಾಡದ ಕಡೆಯವರು ಆ ಕಾಯ್ದೆಯನ್ನು ಕಂಡವರು. ಹಳೇ ಮೈಸೂರಿನಲ್ಲಿ ಅಂಥದ್ದು ಇರಲಿಲ್ಲ, ಇಂದಿಗೂ ಕರ್ನಾಟಕಕ್ಕೆ ಚಾರಿಟಿ ಕಮಿಷನರ್ ಇಲ್ಲ. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಒಮ್ಮೆ ಟ್ರಸ್ಟ್ ಡೀಡ್ ನೋಂದಾಯಿಸಿದರೆ ಆ ಕಚೇರಿಗೆ ಮತ್ತೆ ಲೆಕ್ಕ ಸಲ್ಲಿಸುವ ಕಟ್ಟಳೆಯಿಲ್ಲ. ಡೀಡಿನ ನಕಲು ಸಿಗುವುದೂ ಅದರಲ್ಲಿ ಏನಿದೆ ಎಂಬುದರ ಮೇಲೆ ಹೋಗುತ್ತದೆ. 1908ರ ನೋಂದಣಿ ಕಾಯ್ದೆಯ ಪ್ರಕಾರ ಸ್ಥಿರಾಸ್ತಿಯ ಪತ್ರಗಳು ಒಂದನೇ ಪುಸ್ತಕಕ್ಕೆ ಸೇರುತ್ತವೆ, ಅದನ್ನು ಯಾರು ಬೇಕಾದರೂ ನೋಡಬಹುದು. ಸ್ಥಿರಾಸ್ತಿ ಇಲ್ಲದ ಪತ್ರ ನಾಲ್ಕನೇ ಪುಸ್ತಕಕ್ಕೆ ಸೇರುತ್ತದೆ, ಅದರ ನಕಲು ಬರೆದುಕೊಟ್ಟವರಿಗೆ ಮತ್ತು ಅದರಡಿ ಹಕ್ಕುಳ್ಳವರಿಗೆ ಮಾತ್ರ. ಹತ್ತು ಗುಂಟೆ ಜಮೀನು ಬರೆದುಕೊಟ್ಟು ಶುರುವಾದ ಟ್ರಸ್ಟಿನ ಡೀಡು ಊರವರಿಗೆ ಸಿಗುತ್ತದೆ, ಸಾವಿರ ರೂಪಾಯಿ ನಗದಿನಿಂದ ಶುರುವಾದದ್ದು ಸಿಗುವುದಿಲ್ಲ!

ಉಳಿದ ದಾರಿ ಕೋರ್ಟಿನದು. ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೆಯ ಕಲಮಿನಡಿ ಟ್ರಸ್ಟಿನಲ್ಲಿ ಹಿತಾಸಕ್ತಿ ಇರುವ ಇಬ್ಬರು ಅಥವಾ ಹೆಚ್ಚು ಜನ ನ್ಯಾಯಾಲಯದ ಅನುಮತಿ ಪಡೆದು ದಾವೆ ಹೂಡಬಹುದು; ಲೆಕ್ಕ ಒಪ್ಪಿಸುವಂತೆ, ಟ್ರಸ್ಟಿಯನ್ನು ತೆಗೆಯುವಂತೆ ಕೇಳಬಹುದು. ಐನೂರು ರೂಪಾಯಿ ಚಂದಾ ಕೊಟ್ಟ ರೈತ ಲೆಕ್ಕ ನೋಡಲು ಜಿಲ್ಲಾ ನ್ಯಾಯಾಲಯ ಹತ್ತಬೇಕೆಂಬ ವ್ಯವಸ್ಥೆಯನ್ನು ಹಕ್ಕು ಎಂದು ಕರೆಯುವುದು ಹೆಸರಿಗಷ್ಟೇ. ಸಂಘಕ್ಕಿರುವಂತೆ ಟ್ರಸ್ಟಿಗೂ ವಾರ್ಷಿಕ ಲೆಕ್ಕ ಸಲ್ಲಿಸುವ ಕಾನೂನು ರಾಜ್ಯದಲ್ಲಿ ಎಂದೋ ಬರಬೇಕಿತ್ತು.

ಲಾಭದ ಉದ್ದೇಶವಿಲ್ಲದ ಕಂಪನಿಗಳು, ಅಂದರೆ 2013ರ ಕಂಪನಿ ಕಾಯ್ದೆಯ 8ನೆಯ ಕಲಮಿನವು, ಹಳ್ಳಿಗಳಲ್ಲಿ ಕಡಿಮೆ. ಅವುಗಳ ಲೆಕ್ಕ ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಶುಲ್ಕ ಕಟ್ಟಿದ ಯಾರಿಗಾದರೂ ಸಿಗುತ್ತದೆ. ಮುಜರಾಯಿ ದೇವಸ್ಥಾನಗಳು 1997ರ ಹಿಂದೂ ಧಾರ್ಮಿಕ ಸಂಸ್ಥೆಗಳ ಮತ್ತು ಧರ್ಮಾದಾಯ ದತ್ತಿಗಳ ಕಾಯ್ದೆಗೆ ಒಳಪಟ್ಟಿವೆ. ಹುಂಡಿ ಎಣಿಕೆ ಅಧಿಕಾರಿಗಳ ಸಮ್ಮುಖದಲ್ಲಿ ನಡೆಯುತ್ತದೆ, ದಾಖಲೆ ಸರ್ಕಾರಿ ಇಲಾಖೆಯ ಬಳಿ ಇರುವುದರಿಂದ ಮಾಹಿತಿ ಹಕ್ಕಿನಡಿ ಕೇಳಬಹುದು. ಗೊಂದಲ ಹುಟ್ಟುವುದು ಜಾತ್ರೆಗಳಲ್ಲಿ. ಚುಂಚನಕಟ್ಟೆ, ಕಪ್ಪಡಿಯಂಥ ಜಾತ್ರೆಗಳಿಗೆ ಬರುವ ಭಕ್ತರಿಗೆ ದೇವಸ್ಥಾನದ ಹುಂಡಿ ಯಾವುದು, ಅನ್ನದಾನದ ಹೆಸರಿನಲ್ಲಿ ಚಂದಾ ಎತ್ತುವ ಖಾಸಗಿ ಸಮಿತಿ ಯಾವುದು ಎಂದು ತಿಳಿಯುವುದು ಸುಲಭವಲ್ಲ. ಮೊದಲನೆಯದಕ್ಕೆ ಇಲಾಖೆ ಉತ್ತರ ಕೊಡುತ್ತದೆ, ಎರಡನೆಯದಕ್ಕೆ ರಸೀದಿ ಪುಸ್ತಕ ಹಿಡಿದವರೇ ಕೊಡಬೇಕು.

ಹಾಲಿನ ಡೇರಿ, ಪ್ರಾಥಮಿಕ ಕೃಷಿ ಪತ್ತಿನ ಸಂಘಗಳು ದಾನದ ಸಂಸ್ಥೆಗಳಲ್ಲ, ಸದಸ್ಯರ ಸ್ವತ್ತು. ಆದರೂ ಲೆಕ್ಕ ನೋಡುವ ಅಭ್ಯಾಸ ಊರಿಗೆ ಅಂಟಬೇಕಾದರೆ ಅದು ಇಲ್ಲಿಂದಲೇ. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ ಪ್ರಕಾರ ಪ್ರತಿವರ್ಷ ಲೆಕ್ಕಪರಿಶೋಧನೆ ಆಗಬೇಕು, ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ ಮಹಾಸಭೆ ನಡೆಯುತ್ತದೆ, ವಾರ್ಷಿಕ ವರದಿಯ ಪುಸ್ತಕ ಹಂಚುತ್ತಾರೆ. ಬೆಳಗ್ಗೆ ಡೇರಿಯಲ್ಲಿ ಫ್ಯಾಟ್ ಒಂದು ಪಾಯಿಂಟ್ ಕಡಿಮೆ ಬಂದರೆ ಜಗಳಕ್ಕೆ ನಿಲ್ಲುವ ಸದಸ್ಯರೇ ಮಹಾಸಭೆಯ ದಿನ ವರದಿಯನ್ನು ಮಡಚಿ ಜೇಬಿಗಿಟ್ಟು ಊಟದ ಸಾಲಿಗೆ ನಡೆಯುತ್ತಾರೆ. ಫ್ಯಾಟಿನಲ್ಲಿ ಹೋಗುವುದು ಒಬ್ಬರ ಎರಡು ರೂಪಾಯಿ. ಅಢಾವೆ ಪತ್ರಿಕೆಯಲ್ಲಿ ಹೋಗುವುದು ಎಲ್ಲರದು.

ಮಾಹಿತಿ ಹಕ್ಕು ಕಾಯ್ದೆ 2005ರಲ್ಲಿ ಬಂದಾಗ ಇವೆಲ್ಲಕ್ಕೂ ಅದು ಅನ್ವಯಿಸುತ್ತದೆಯೇ ಎಂಬ ಪ್ರಶ್ನೆ ಎದ್ದಿತು. ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳು ದಾರಿ ತೋರಿಸಿವೆ. ಕೇರಳದ ತಲಪ್ಪಲಂ ಸೇವಾ ಸಹಕಾರಿ ಬ್ಯಾಂಕಿನ ಪ್ರಕರಣದಲ್ಲಿ 2013ರ ಅಕ್ಟೋಬರ್‌ನಲ್ಲಿ ಕೋರ್ಟು ಹೇಳಿದ್ದು: ಸರ್ಕಾರದಿಂದ ಗಣನೀಯ ಹಣ ಪಡೆಯದ ಸಹಕಾರ ಸಂಘ ‘ಸಾರ್ವಜನಿಕ ಪ್ರಾಧಿಕಾರ’ವಲ್ಲ, ಆದರೆ ನಿಬಂಧಕರು ಪ್ರಾಧಿಕಾರವೇ, ಕಾನೂನಿನಂತೆ ಸಂಘದಿಂದ ಅವರು ತರಿಸಿಕೊಳ್ಳಬಹುದಾದ ಮಾಹಿತಿಯನ್ನು ಅರ್ಜಿದಾರರಿಗೆ ಕೊಡಿಸಬಹುದು. ಡಿಎವಿ ಕಾಲೇಜು ಟ್ರಸ್ಟಿನ ಪ್ರಕರಣದಲ್ಲಿ 2019ರ ಸೆಪ್ಟೆಂಬರ್‌ನಲ್ಲಿ ಬಂದ ತೀರ್ಪಿನ ಪ್ರಕಾರ ಸರ್ಕಾರದಿಂದ ನೇರವಾಗಿಯೋ ಪರೋಕ್ಷವಾಗಿಯೋ ಗಣನೀಯ ನೆರವು ಪಡೆದ ಸರ್ಕಾರೇತರ ಸಂಸ್ಥೆ ಮಾಹಿತಿ ಹಕ್ಕಿನ ವ್ಯಾಪ್ತಿಗೆ ಬರುತ್ತದೆ. ನೆರವು ಅರ್ಧಕ್ಕಿಂತ ಹೆಚ್ಚೇ ಇರಬೇಕೆಂದಿಲ್ಲ. ಸರ್ಕಾರದ ಸಂಬಳದಲ್ಲಿ ಮೇಷ್ಟ್ರುಗಳಿರುವ ಅನುದಾನಿತ ಶಾಲೆಗಳ ಆಡಳಿತ ಮಂಡಳಿಗಳು ಈ ಎರಡನೆಯ ತೀರ್ಪನ್ನು ಓದಿಕೊಳ್ಳುವುದು ಒಳ್ಳೆಯದು. ಅರ್ಜಿಯ ಶುಲ್ಕ 10 ರೂಪಾಯಿ, ಬಡತನ ರೇಖೆಗಿಂತ ಕೆಳಗಿರುವವರಿಗೆ ಅದೂ ಇಲ್ಲ. ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯದ್ದಾಗಿರಬೇಕು, 150 ಪದ ಮೀರಬಾರದು. ಬೈಗುಳಕ್ಕೆ ಪದ ಖರ್ಚು ಮಾಡದೆ ‘ಇಂಥ ನೋಂದಣಿ ಸಂಖ್ಯೆಯ ಸಂಘ ಕಳೆದ ಮೂರು ವರ್ಷಗಳಲ್ಲಿ ಸಲ್ಲಿಸಿದ ಲೆಕ್ಕಪತ್ರಗಳ ನಕಲು’ ಎಂದು ಕೇಳಿದರೆ ಸಾಕು.

ಎಚ್.ಡಿ. ಕೋಟೆ, ಹುಣಸೂರು, ಪಿರಿಯಾಪಟ್ಟಣದ ಕಡೆ ಹಣ ದೂರದಿಂದ ಬರುತ್ತದೆ. ನಾಗರಹೊಳೆಯ ಅಂಚಿನ ಆದಿವಾಸಿ ಹಾಡಿಗಳಲ್ಲಿ ಕೆಲಸ ಮಾಡುವ ಸಂಸ್ಥೆಗಳಿವೆ, ಬೈಲಕುಪ್ಪೆಯಲ್ಲಿ ಟಿಬೆಟನ್ನರ ವಸತಿ ಇದೆ. ವಿದೇಶಿ ದೇಣಿಗೆಗೆ 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ ಅನ್ವಯಿಸುತ್ತದೆ. ಗೃಹ ಸಚಿವಾಲಯಕ್ಕೆ ಪ್ರತಿವರ್ಷ ಲೆಕ್ಕ ಸಲ್ಲಿಸಬೇಕು. ಒಂದು ಕಾಲಕ್ಕೆ ಆ ಲೆಕ್ಕಗಳು ಸಚಿವಾಲಯದ ಜಾಲತಾಣದಲ್ಲಿ ಎಲ್ಲರಿಗೂ ಸಿಗುತ್ತಿದ್ದವು. 2022ರ ಜುಲೈನಲ್ಲಿ ಅವನ್ನು ತೆಗೆಯಲಾಯಿತು, ಮೂರು ತಿಂಗಳಿಗೊಮ್ಮೆ ಬಂದ ಹಣವನ್ನು ಪ್ರಕಟಿಸಬೇಕೆಂಬ ನಿಯಮವನ್ನೂ ಕೈಬಿಡಲಾಯಿತು. ಸರ್ಕಾರ ಸಂಸ್ಥೆಗಳ ಮೇಲೆ ತನ್ನ ಕಣ್ಣನ್ನು ಬಿಗಿ ಮಾಡಿಕೊಂಡಿತು, ಜನರ ಕಣ್ಣಿಗೆ ಮಾತ್ರ ಪರದೆ ಎಳೆಯಿತು.

ಕೇಳದೆಯೇ ಲೆಕ್ಕ ಕೊಡುವವರೂ ಈ ಸೀಮೆಯಲ್ಲೇ ಇದ್ದಾರೆ. 1984ರಲ್ಲಿ ಡಾ. ಆರ್. ಬಾಲಸುಬ್ರಹ್ಮಣ್ಯಂ ಮತ್ತು ಗೆಳೆಯರು ಕಟ್ಟಿದ, ಸರಗೂರು, ಕೆಂಚನಹಳ್ಳಿ, ಹೊಸಹಳ್ಳಿಗಳಲ್ಲಿ ಆಸ್ಪತ್ರೆ, ಶಾಲೆ ನಡೆಸುವ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಹಣಕಾಸಿನ ವಿವರಸಹಿತ ವಾರ್ಷಿಕ ವರದಿಯನ್ನು ತನ್ನ ಜಾಲತಾಣದಲ್ಲಿ ಇಡುತ್ತದೆ. ಇನ್ನೂ ಹಿಂದಿನ ಪಾಠ ಮೈರಾಡದ್ದು. 1968ರಲ್ಲಿ ಟಿಬೆಟನ್ ನಿರಾಶ್ರಿತರ ಪುನರ್ವಸತಿಗೆಂದು ಹುಟ್ಟಿ, ಮುಂದೆ ಎಚ್.ಡಿ. ಕೋಟೆಯಲ್ಲೂ ಕೆಲಸ ಮಾಡಿದ ಈ ಸಂಸ್ಥೆ ಕಟ್ಟಿದ್ದ ದೊಡ್ಡ ಸಹಕಾರ ಸಂಘಗಳು 1980ರ ದಶಕದ ನಡುವೆ ಒಡೆದವು. ಮುಂದಾಳುಗಳ ಮೇಲೆ ಸದಸ್ಯರಿಗೆ ನಂಬಿಕೆ ಉಳಿದಿರಲಿಲ್ಲ. ಒಡೆದ ಚೂರುಗಳೇ ಹದಿನೈದು ಇಪ್ಪತ್ತು ಜನರ ಸಣ್ಣ ಗುಂಪುಗಳಾದವು. 1992ರಲ್ಲಿ ನಬಾರ್ಡ್ ಅಂಥ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸಿತು, ಇಂದು ಮನೆಮಾತಾಗಿರುವ ಸ್ವಸಹಾಯ ಸಂಘದ ಒಂದು ಬೇರು ಅಲ್ಲಿದೆ. ವಾರದ ಸಭೆಯಲ್ಲಿ ಎಲ್ಲರ ಎದುರಿಗೆ ಹಣ ಎಣಿಸಿ ಎಲ್ಲರ ಎದುರಿಗೇ ಪುಸ್ತಕ ಬರೆಯುವುದರಿಂದ ಆ ಸಂಘದ ಹೆಂಗಸರಿಗೆ ಮಾಹಿತಿ ಹಕ್ಕಿನ ಅರ್ಜಿಯ ಅಗತ್ಯ ಬೀಳುವುದಿಲ್ಲ.

ತೆರಿಗೆ ಇಲಾಖೆಗೆ ಹೋಗುವ ಲೆಕ್ಕ ದಾನಿಗೆ ಸಿಗುವುದಿಲ್ಲ. 80ಜಿ ಎಂದು ಎಲ್ಲರ ಬಾಯಲ್ಲಿ ನಿಂತಿರುವ ವಿನಾಯಿತಿ ಪಡೆದ ಸಂಸ್ಥೆ 2021–22ರ ಸಾಲಿನಿಂದ ದಾನಿಗಳ ವಿವರವನ್ನು ಇಲಾಖೆಗೆ ಸಲ್ಲಿಸಿ ದಾನಿಗೆ ಪ್ರಮಾಣಪತ್ರ ಕೊಡಬೇಕು. ನಗದಾಗಿ 2,000 ರೂಪಾಯಿಗಿಂತ ಹೆಚ್ಚು ಕೊಟ್ಟರೆ ವಿನಾಯಿತಿ ಇಲ್ಲ. ಅಷ್ಟಾದರೂ ಸಂಸ್ಥೆಯ ತೆರಿಗೆ ವಿವರಪಟ್ಟಿ ಗೋಪ್ಯವೇ. ಅಮೆರಿಕದಲ್ಲಿ ತೆರಿಗೆ ವಿನಾಯಿತಿ ಪಡೆದ ಬಹುಪಾಲು ಸಂಸ್ಥೆಗಳು ಸಲ್ಲಿಸುವ 990 ಎಂಬ ನಮೂನೆ ಬಹಿರಂಗ ದಾಖಲೆ, ಕೇಳಿದವರಿಗೆ ಕೊಡಲೇಬೇಕು. ಇಂಗ್ಲೆಂಡಿನ ಚಾರಿಟಿ ಕಮಿಷನ್ ವರ್ಷಕ್ಕೆ 25,000 ಪೌಂಡಿಗಿಂತ ಹೆಚ್ಚು ಆದಾಯವಿರುವ ಸಂಸ್ಥೆಗಳ ಲೆಕ್ಕವನ್ನು ತನ್ನ ಪಟ್ಟಿಯಲ್ಲಿ ಉಚಿತವಾಗಿ ತೋರಿಸುತ್ತದೆ. ತೆರಿಗೆ ಬಿಟ್ಟುಕೊಡುವ ಸಮಾಜಕ್ಕೆ ಲೆಕ್ಕ ನೋಡುವ ಅಧಿಕಾರ ಇರಬೇಕು ಎಂಬುದು ಅಲ್ಲಿನ ತರ್ಕ. ಅದನ್ನು ಇಲ್ಲಿ ಒಪ್ಪದಿರಲು ಗಟ್ಟಿ ಕಾರಣ ಕಾಣುವುದಿಲ್ಲ.

ಕಾಗದ ಕೈಗೆ ಬಂದ ಮೇಲೆ ಓದುವುದು ಹೇಗೆ ಎಂಬುದು ಅಷ್ಟೇ ಮುಖ್ಯ. ಮೊದಲು ಹೋದ ವರ್ಷದ ಅಖೈರು ಶಿಲ್ಕನ್ನೂ ಈ ವರ್ಷದ ಆರಂಭ ಶಿಲ್ಕನ್ನೂ ಪಕ್ಕಪಕ್ಕ ಇಡಬೇಕು. ಎರಡೂ ಪೈಸೆಗೆ ಪೈಸೆ ಕೂಡಬೇಕು. ಕೂಡದಿದ್ದರೆ ಮುಂದಿನದನ್ನು ಓದುವ ಮೊದಲೇ ಪ್ರಶ್ನೆ ಕೇಳಬಹುದು. ಆಮೇಲೆ ಶಿಲ್ಕಿನಲ್ಲಿ ಬ್ಯಾಂಕಿನಲ್ಲಿರುವುದೆಷ್ಟು, ಕೈಯಲ್ಲಿರುವ ನಗದೆಷ್ಟು ಎಂದು ನೋಡಬೇಕು. ಮಾರ್ಚ್ 31ರಂದು ಲಕ್ಷಾಂತರ ರೂಪಾಯಿ ‘ನಗದು ಶಿಲ್ಕು’ ತೋರಿಸುವ ಸಂಘದಲ್ಲಿ ಆ ಹಣ ನಿಜಕ್ಕೂ ಯಾರ ಮನೆಯಲ್ಲಿತ್ತು ಎಂಬುದು ಖಜಾಂಚಿ ಉತ್ತರಿಸಬೇಕಾದ ಮಾತು. ಆಸ್ತಿಯ ಬದಿಯಲ್ಲಿ ‘ಮುಂಗಡ’ ಎಂಬ ಸಾಲು ವರ್ಷದಿಂದ ವರ್ಷಕ್ಕೆ ಕರಗದೆ ಕೂತಿದ್ದರೆ ಅದು ಪದಾಧಿಕಾರಿಗಳ ಕೈಗಡ ಆಗಿರುವ ಸಂಭವ ಹೆಚ್ಚು. ಖರ್ಚಿನ ಬದಿಯಲ್ಲಿ ‘ಇತರೆ’ ಎಂಬುದು ಚಿಕ್ಕದಾಗಿರಬೇಕು. ಕಟ್ಟಡಕ್ಕೆಂದು ಎತ್ತಿದ ಹಣ ಕಟ್ಟಡ ನಿಧಿಯಲ್ಲೇ ಇದೆಯೋ, ವಾರ್ಷಿಕೋತ್ಸವದ ಆರ್ಕೆಸ್ಟ್ರಾಗೆ ಹೋಗಿದೆಯೋ ಎಂಬುದನ್ನು ನಿಧಿವಾರು ಪಟ್ಟಿ ಹೇಳುತ್ತದೆ. ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿರುವ ಲೆಕ್ಕಪರಿಶೋಧಕರ ಟಿಪ್ಪಣಿಯನ್ನು ಮೊದಲ ಪುಟದ ಅಧ್ಯಕ್ಷರ ನುಡಿಗಿಂತ ಮುಂಚೆ ಓದುವುದು ಲೇಸು. ಆಡಳಿತ ವೆಚ್ಚ ಹೆಚ್ಚಿದ್ದ ಮಾತ್ರಕ್ಕೆ ಸಂಸ್ಥೆ ಕೆಟ್ಟದ್ದಲ್ಲ. ಹಾಡಿಗೆ ಹೋಗಿ ಪಾಠ ಹೇಳುವ ಮೇಷ್ಟ್ರ ಸಂಬಳವೂ ಕೆಲವು ಲೆಕ್ಕಗಳಲ್ಲಿ ಅದೇ ಸಾಲಿನಲ್ಲಿ ಬರುತ್ತದೆ.

ಎಲ್ಲವನ್ನೂ ಗೋಡೆಗೆ ಅಂಟಿಸಬೇಕೆಂದೂ ಅಲ್ಲ. ಚಿಕಿತ್ಸೆಗೆ ನೆರವು ಪಡೆದ ರೋಗಿಯ ಹೆಸರು, ವಿದ್ಯಾರ್ಥಿವೇತನ ಪಡೆದ ಮಗುವಿನ ಮನೆಯ ಪರಿಸ್ಥಿತಿ, ದಾನಿಯ ಪ್ಯಾನ್ ಮತ್ತು ಬ್ಯಾಂಕ್ ಖಾತೆ ಸಂಖ್ಯೆ ಹೊರಬರಬಾರದು. ಎಷ್ಟು ಜನರಿಗೆ ಒಟ್ಟು ಎಷ್ಟು ಹೋಯಿತು ಎಂಬುದು ಬಂದರೆ ಸಾಕು. ಲೆಕ್ಕ ಕೊಡಲು ಮನಸ್ಸಿಲ್ಲದವರು ಗೋಪ್ಯತೆಯ ಮಾತನ್ನು ಮುಂದೆ ಮಾಡುವುದುಂಟು. ಖಾಸಗಿ ವಿವರವನ್ನು ಮುಚ್ಚಿ ಉಳಿದದ್ದನ್ನು ಕೊಡುವುದು ಯಾವ ಸಂಘಕ್ಕೂ ಕಷ್ಟವಲ್ಲ. ಹಾಗೆಯೇ ಲೆಕ್ಕ ಕೇಳಿದ ಸದಸ್ಯರನ್ನು ಊರಿನ ಮಾನ ಕಳೆಯುವವರು ಎಂದು ದೂರ ಇಡುವುದೂ ನಿಲ್ಲಬೇಕು.

ಕಾನೂನು ಬದಲಾಗುವುದಕ್ಕೆ ಕಾಯದೆ ಭೇರ್ಯ ಸೀಮೆಯ ಸಂಸ್ಥೆಗಳು ಮಾಡಬಹುದಾದ ಕೆಲಸ ಒಂದು ಹಾಳೆಯದು. ಸಂಘಗಳಿಗೆ ಕಾಯ್ದೆಯೇ ಕೊಟ್ಟಿರುವ 14 ದಿನದ ಗಡುವನ್ನೇ ಟ್ರಸ್ಟುಗಳೂ ದೇವಸ್ಥಾನ ಸಮಿತಿಗಳೂ ತಮಗೆ ಹಾಕಿಕೊಳ್ಳಲಿ. ಸಭೆ ಮುಗಿದ ಆ ಅವಧಿಯೊಳಗೆ ಆರಂಭ ಶಿಲ್ಕು, ಬಂದದ್ದು, ಹೋದದ್ದು, ಅಖೈರು ಶಿಲ್ಕು, ಲೆಕ್ಕಪರಿಶೋಧಕರ ಆಕ್ಷೇಪಣೆ ಇದ್ದರೆ ಅದು, ಇಷ್ಟನ್ನು ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಕಚೇರಿಯ ಬಾಗಿಲಿಗೂ ಗ್ರಾಮ ಪಂಚಾಯಿತಿಯ ಸೂಚನಾ ಫಲಕಕ್ಕೂ ಅಂಟಿಸಲಿ, ನೋಂದಣಿ ಸಂಖ್ಯೆ ಮರೆಯದಿರಲಿ. ಚಂದಾ ಕೊಡುವವರು ಮುಂದಿನ ರಸೀದಿ ಹರಿಸುವ ಮುನ್ನ ಹಿಂದಿನ ವರ್ಷದ ಆ ಹಾಳೆಯನ್ನು ಕೇಳಲಿ.